ಸಂಕೋಲೆ ಮತ್ತು ಹವಳ: ಬೆನಿನ್ ಅರಸರ ಚಿತ್ರಗಳು

ಹಡಗಿನ ಮೇಲೆ ಒಂದು ಕುರ್ಚಿ. ಅದರಲ್ಲಿ ಉದ್ದನೆಯ ಉಡುಪು ತೊಟ್ಟು ಕುಳಿತ ಒಬ್ಬ ಗಂಭೀರ ವ್ಯಕ್ತಿ. ಹಿಂದೆ ಸಮವಸ್ತ್ರದ ಕಾವಲುಗಾರರು. ಹಿನ್ನೆಲೆ ತಿಳಿಯದವರು ಈ ಛಾಯಾಚಿತ್ರ ನೋಡಿದರೆ, ದೊರೆಯೊಬ್ಬ ಅಂಗರಕ್ಷಕರೊಡನೆ ಪ್ರಯಾಣ ಹೊರಟಿದ್ದಾನೆ ಎಂದುಕೊಂಡಾರು. ಆತ ದೊರೆಯೇನೋ ಹೌದು. ಆದರೆ ಕಾವಲು ಇರುವುದು ಅವನು ತಪ್ಪಿಸಿಕೊಳ್ಳದಿರಲೆಂದು. ಉಡುಪಿನ ಮರೆಯಲ್ಲಿ ಅವನ ಕಾಲಿಗೆ ಸಂಕೋಲೆ ಇದೆ.

ಆತ ಬೆನಿನ್ ರಾಜ್ಯದ ಅರಸ, ಅಂದರೆ 'ಓಬಾ' ಆಗಿದ್ದ ಓವೊನ್‌ರಾಮ್ವೆನ್. ಈ ಬೆನಿನ್ ಇಂದು ನೈಜೀರಿಯದ ದಕ್ಷಿಣ ಭಾಗದಲ್ಲಿದೆ; ಅದೇ ಹೆಸರಿನ ನೆರೆಯ ದೇಶ ಬೇರೆ. 1897ರ ಫೆಬ್ರುವರಿಯಲ್ಲಿ ಬ್ರಿಟಿಷ್ ಪಡೆ ರಾಜಧಾನಿಯನ್ನು ಹಿಡಿಯಿತು. ಅರಮನೆಯ ಸಾವಿರಾರು ಕಂಚು, ದಂತದ ಕಲಾಕೃತಿಗಳು ಲೂಟಿಯಾದವು. ಅವುಗಳ ರಾಶಿಯ ನಡುವೆ ಕುಳಿತು ಬ್ರಿಟಿಷ್ ಅಧಿಕಾರಿಗಳು ಚಿತ್ರ ತೆಗೆಸಿಕೊಂಡರು. ಓಬಾನನ್ನು 'ಐವಿ' ಎಂಬ ಹಡಗಿನಲ್ಲಿ ಕ್ಯಾಲಬಾರ್‌ಗೆ ಗಡಿಪಾರು ಮಾಡಲಾಯಿತು. 1914ರಲ್ಲಿ ಆತ ಅಲ್ಲಿಯೇ ತೀರಿಕೊಂಡ.

ಹಡಗಿನ ಚಿತ್ರವನ್ನು ತೆಗೆದವನು ಯುರೋಪಿಯನ್ನನಲ್ಲ. ನೈಜರ್ ನದಿಮುಖಜ ಪ್ರದೇಶದ ಬಾನಿ ಊರಿನ ಜೊನಾಥನ್ ಅಡಗೊಗೊ ಗ್ರೀನ್ ಎಂಬ ಆಫ್ರಿಕನ್ ಛಾಯಾಗ್ರಾಹಕ. ಅವನ ಗಿರಾಕಿಗಳಲ್ಲಿ ವಸಾಹತು ಅಧಿಕಾರಿಗಳೂ ವರ್ತಕರೂ ಇದ್ದರು, ಸ್ಥಳೀಯ ನಾಯಕರೂ ಇದ್ದರು. ಆ ನಾಯಕರು ತಮಗೊಪ್ಪುವ ಉಡುಪಿನಲ್ಲಿ, ಘನತೆಯಿಂದ ಅವನ ಕ್ಯಾಮೆರಾದೆದುರು ಕುಳಿತರು. ಛಾಯಾಗ್ರಾಹಕ ಒಬ್ಬನೇ, ಕುರ್ಚಿಯೂ ಅಂಥದೇ. ಆದರೆ ಚಿತ್ರ ಯಾರ ಇಚ್ಛೆಯಂತೆ ಮೂಡಿತು ಎಂಬುದರ ಮೇಲೆ ಅದರ ಅರ್ಥ ಬದಲಾಯಿತು.

ಈ ಮಾತಿಗೆ ಬೆನಿನ್ ಅರಮನೆಯೇ ಮುಂದೆ ಸಾಕ್ಷಿಯಾಯಿತು. 1914ರಲ್ಲಿ ಓವೊನ್‌ರಾಮ್ವೆನ್ನನ ಮಗ ಎರಡನೆಯ ಎವೆಕಾನಿಗೆ ಪಟ್ಟವಾಯಿತು. 1933ರಲ್ಲಿ ಮೊಮ್ಮಗ ಎರಡನೆಯ ಅಕೆನ್‌ಜುವಾ ಸಿಂಹಾಸನವೇರಿದ. ಅವನ ಕಾಲದಲ್ಲಿ ಆಸ್ಥಾನಕ್ಕೆ ಅಧಿಕೃತ ಛಾಯಾಗ್ರಾಹಕ ಬಂದ: ಲಾಗೋಸ್‌ನಲ್ಲಿ ಕೆಲಸ ಕಲಿತ ಸಾಲೊಮನ್ ಒಸಾಗಿ ಅಲೊಂಗೆ (1911-1994).

ಅಲೊಂಗೆ ತೆಗೆದ ಚಿತ್ರಗಳಲ್ಲಿ ಅರಸನ ಅಧಿಕಾರ ಹೇಳುವುದು ಹವಳ. ಬೆನಿನ್‌ನಲ್ಲಿ ಹವಳ ಬರಿಯ ಒಡವೆಯಲ್ಲ, ರಾಜತ್ವದ ಗುರುತು. ಹವಳದ ಕಿರೀಟ, ಗದ್ದದವರೆಗೆ ಏರುವ ಹವಳದ ಕಂಠಪಟ್ಟಿ, ಹವಳ ಪೋಣಿಸಿದ ಅಂಗಿ. ಉತ್ಸವಗಳಲ್ಲಿ ಇಷ್ಟು ಭಾರ ಹೊತ್ತ ಓಬಾನ ಎರಡೂ ತೋಳುಗಳಿಗೆ ಪರಿಚಾರಕರು ಆಸರೆ ಕೊಡುತ್ತಾರೆ. ಅರಸ ನಡುವೆ, ಪರಿಚಾರಕರು ಎಡಬಲದಲ್ಲಿ: ಈ ಜೋಡಣೆ 16-17ನೆಯ ಶತಮಾನಗಳ ಬೆನಿನ್ ಲೋಹಫಲಕಗಳಲ್ಲಿಯೂ ಇದೆ. ಕ್ಯಾಮೆರಾ ಹೊಸದು, ಅರಸನನ್ನು ಹೇಗೆ ನೋಡಬೇಕೆಂಬ ಪಾಠ ಮಾತ್ರ ಹಳೆಯದು.

1938ರಲ್ಲಿ ಎರಡು ಹವಳದ ಕಿರೀಟಗಳೂ ಒಂದು ಹವಳದ ಅಂಗಿಯೂ ಬ್ರಿಟನ್ನಿನಿಂದ ಅಕೆನ್‌ಜುವಾನಿಗೆ ಮರಳಿ ಬಂದವು. ಅವು ಗಡಿಪಾರಾದ ಅಜ್ಜನವೆಂದು ನಂಬಲಾಗಿದೆ. ಹಡಗಿನ ಚಿತ್ರದಲ್ಲಿ ಕಾಣದಿದ್ದ ಕಿರೀಟ ಹೀಗೆ ಮೊಮ್ಮಗನ ಕೈಸೇರಿತು.

1942ರಲ್ಲಿ ಅಲೊಂಗೆ ಬೆನಿನ್ ನಗರದಲ್ಲಿ 'ಐಡಿಯಲ್ ಫೋಟೊ ಸ್ಟುಡಿಯೊ' ತೆರೆದ. ಊರಿನ ಸಾಮಾನ್ಯ ಜನ ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು ಅಲ್ಲಿಗೆ ಬಂದರು. ಅವನ ಚಿತ್ರಗಳ ಸಂಗ್ರಹ ಇಂದು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಆಫ್ರಿಕನ್ ಕಲಾ ಮ್ಯೂಸಿಯಮ್ಮಿನಲ್ಲಿದೆ. 2014ರಲ್ಲಿ ಅವುಗಳ ಪ್ರದರ್ಶನವೂ ನಡೆಯಿತು. ಲೂಟಿಯ ರಾಶಿಯ ಚಿತ್ರಗಳಿಂದ ಬೆನಿನ್ ಅನ್ನು ಕಂಡಿದ್ದ ಜಗತ್ತಿಗೆ, ಆ ಊರು ತಾನಾಗಿ ತೋರಿಸಿಕೊಂಡ ಮುಖ ಅಲ್ಲಿದೆ.