ಯುಡೋರಾ ಮತ್ತು ಹಳೆಯ ಓಲೆಗಳು

ಮಿಂಚಂಚೆಯ ಹಳಬರಿಗೆ ಯುಡೋರಾ ನೆನಪಿರಬಹುದು. 1988ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ಡಾರ್ನರ್ ಬರೆದ ತಂತ್ರಾಂಶ. ಅಂಚೆ ಕಚೇರಿಯಲ್ಲೇ ಬಿಡಾರ ಹೂಡಿದವಳ ಕಥೆ ಬರೆದ ಯುಡೋರಾ ವೆಲ್ಟಿ ಅವರ ಹೆಸರನ್ನೇ ಅದಕ್ಕಿಟ್ಟರು. ಆಮೇಲೆ ಅದು ಕ್ವಾಲ್‌ಕಾಮ್ ಕಂಪನಿಯ ಪಾಲಾಯಿತು. ಕೊನೆಯ ಆವೃತ್ತಿ ಬಂದದ್ದು 2006ರಲ್ಲಿ.

ಬಳಸುವವರು ಮಾತ್ರ ಬಿಡಲಿಲ್ಲ. ಮ್ಯಾಕ್ ಯುಡೋರಾ ಪವರ್‌ಪಿಸಿ ಚಿಪ್‌ಗೆಂದು ಬರೆದದ್ದು. 2006ರಲ್ಲಿ ಇಂಟೆಲ್ ಮ್ಯಾಕ್‌ಗಳು ಬಂದಾಗ ರೊಸೆಟ್ಟಾ ಎಂಬ ದುಭಾಷಿ ನಡುವೆ ನಿಂತು ಅದನ್ನು ಓಡಿಸುತ್ತಿತ್ತು. 2011ರ ‘ಲಯನ್’ನಲ್ಲಿ ಆ ದುಭಾಷಿಯೇ ಇಲ್ಲ! ಯುಡೋರಾ ಬೇಕೆಂದವರು ಅಪ್‌ಗ್ರೇಡ್ ಮಾಡದೆ ಹಿಂದಿನ ಸ್ನೋ ಲೆಪರ್ಡ್‌ನಲ್ಲೇ ಉಳಿದರು.

ಇದು ಬರೀ ಹಟ ಅಂತ ನನಗನ್ನಿಸಲ್ಲ. ಎಷ್ಟೋ ವರ್ಷಗಳ ಓಲೆಗಳು ಅದರೊಳಗಿದ್ದವಲ್ಲ! ಪುಣ್ಯಕ್ಕೆ ಯುಡೋರಾ ಓಲೆಗಳನ್ನು ಸಾದಾ ಪಠ್ಯದ ಕಡತಗಳಲ್ಲಿ ಇಡುತ್ತಿತ್ತು. ತಂತ್ರಾಂಶ ತೆರೆಯದಿದ್ದರೂ ಯಾವುದೇ ಟೆಕ್ಸ್ಟ್ ಎಡಿಟರಿನಲ್ಲಿ ಓದಬಹುದು, ಬೇರೆ ತಂತ್ರಾಂಶಕ್ಕೆ ಸಾಗಿಸಬಹುದು. 2018ರಲ್ಲಂತೂ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಅದರ ಸೋರ್ಸ್ ಕೋಡನ್ನೇ ಎಲ್ಲರಿಗೂ ಬಿಟ್ಟುಕೊಟ್ಟಿತು.

ನಮ್ಮ ಕಥೆ ಅಷ್ಟು ಸಲೀಸಲ್ಲ. ಯುನಿಕೋಡ್‌ಗೆ ಮುಂಚೆ ಟೈಪಿಸಿದ ಕನ್ನಡ ಆಯಾ ಫಾಂಟ್ ಇಲ್ಲದಿದ್ದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಳೆಯ ಸಿ.ಡಿ.ಗಳಲ್ಲಿ ನಿಮ್ಮವೂ ಅಂಥ ಕಡತಗಳಿದ್ದರೆ, ಪರಿವರ್ತಕಗಳು ಇನ್ನೂ ಸಿಗುವಾಗಲೇ ಯುನಿಕೋಡ್‌ಗೆ ಬದಲಾಯಿಸಿಕೊಳ್ಳಿ ಮಾರಾಯ್ರೆ!