ಮತ ಕೇಳದ ನ್ಯಾಯಪೀಠ

ನ್ಯಾಯಾಧೀಶರು ಮನೆಮನೆಗೆ ಬಂದು ಮತ ಯಾಚಿಸುವುದನ್ನು ನಾವು ಊಹಿಸಲಾರೆವು. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಹಲವು ರಾಜ್ಯಗಳಲ್ಲಾದರೋ ನ್ಯಾಯಾಧೀಶರನ್ನು ಜನರೇ ಆರಿಸುತ್ತಿದ್ದರು. 1854ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ ಜನರು ಸೆರೆಮನೆಯ ಬಾಗಿಲು ಮುರಿದು, ಓಡಿಬಂದ ಗುಲಾಮ ಜೋಶುವಾ ಗ್ಲೋವರನನ್ನು ಬಿಡಿಸಿದರು. ಗುಲಾಮರನ್ನು ಹಿಡಿದೊಪ್ಪಿಸುವ ಕೇಂದ್ರದ ಕಾಯಿದೆಯೇ ಅಸಿಂಧುವೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ ಸಾರಿತು. ಕಾಯಿದೆ ಸಿಂಧುವೆಂದು ಭಿನ್ನಮತ ಬರೆದ ಸ್ಯಾಮ್ಯುಯೆಲ್ ಕ್ರಾಫರ್ಡ್ ಮರುವರ್ಷದ ಚುನಾವಣೆಯಲ್ಲಿ ಆರ್ಸಮಸ್ ಕೋಲ್ ಎದುರು ಸೋತರು. ಓದುವಾಗ ನಮಗೆ ಹರ್ಷವೇ ಆಗುತ್ತದೆ.

ದೌಂಡದಲ್ಲಿ ನೆಲೆಸಿದ ಕನ್ನಡಿಗರಾದ ನಾವು ಈ ಪ್ರಸಂಗವನ್ನು ಮಹಾದೇವ ಗೋವಿಂದ ರಾನಡೆಯವರ ಪಕ್ಕದಲ್ಲಿಟ್ಟು ನೋಡಬೇಕು. ನಮ್ಮ ಈ ಸೀಮೆ ಅಂದಿನ ಭೀಮಥಡಿ ತಾಲ್ಲೂಕು. ಅದರ ಸುಪೆ ಗ್ರಾಮದಲ್ಲಿ 1875ರ ಮೇ 12ರಂದು ರೈತರು ಸಾಹುಕಾರರ ಸಾಲಪತ್ರಗಳನ್ನು ಸುಟ್ಟರು. ಆ ದಂಗೆಯ ಫಲವಾಗಿ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯಿದೆ ಬಂದಿತು. ಅದರಡಿಯ ತೀರ್ಪುಗಳನ್ನು ಜಿಲ್ಲೆ ಜಿಲ್ಲೆ ಸುತ್ತಿ ತಪಾಸಣೆ ಮಾಡಿದವರಲ್ಲಿ ರಾನಡೆ ಪ್ರಮುಖರು.

1893ರಲ್ಲಿ ಕಾಶೀನಾಥ ತೆಲಂಗರ ನಿಧನಾನಂತರ ಅವರು ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾದರು. ನೇಮಿಸಿದ್ದು ಬ್ರಿಟಿಷ್ ಪ್ರಭುತ್ವ. 1861ರ ಕಾಯಿದೆಯಂತೆ ಅಧಿಕಾರದ ಅವಧಿ ರಾಣಿಯ ಮರ್ಜಿ ಇರುವವರೆಗೆ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳ ಮೇಲ್ಮನವಿಗಳೂ ಅದೇ ಪೀಠಕ್ಕೆ ಹೋಗುತ್ತಿದ್ದವು. ಅಲ್ಲಿನವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ಕೇಳಿದ್ದರೆ? ಪುಣೆಯ ಪಂಚಹೌದ ಮಿಷನ್ನಿನ ಚಹಾಕೂಟಕ್ಕೆ ಹೋದ ತಪ್ಪಿಗೆ ರಾನಡೆ 1892ರಲ್ಲಿ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಯಿತು. 1895ರ ಪುಣೆ ಕಾಂಗ್ರೆಸ್ಸಿನ ಚಪ್ಪರದಲ್ಲಿ ಅವರ ಸಾಮಾಜಿಕ ಪರಿಷತ್ತಿಗೆ ಸ್ಥಳವೇ ಸಿಗಲಿಲ್ಲ. ಅದೇ ವರ್ಷ ಅದನ್ನು ವಿರೋಧಿಸಿದ ಪಕ್ಷದ ತಿಲಕರು ಮುಂಬಯಿ ಶಾಸನಸಭೆಗೆ ಚುನಾಯಿತರಾದರು. ಆ ಪುಣೆಯಲ್ಲಿ ರಾನಡೆ ಮತ ಬೇಡಿದ್ದರೆ, ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಠೇವಣಿಯೂ ಉಳಿಯುತ್ತಿರಲಿಲ್ಲವೆಂದು ನಮ್ಮ ಅನಿಸಿಕೆ. ಸುಪೆಯ ರೈತನಿಗೆ ಮತವಿದ್ದಿದ್ದರೆ ಮಾತು ಬೇರೆಯಾಗುತ್ತಿತ್ತೇನೋ, ಅವನಿಗೆ ಮತವಿರಲಿಲ್ಲ. ಗ್ಲೋವರನಂಥ ಕಪ್ಪುಜನರಿಗೂ ಅಂದಿನ ವಿಸ್ಕಾನ್ಸಿನ್ನಿನಲ್ಲಿ ಮತ ಹಾಕಲು ಬಿಡುತ್ತಿರಲಿಲ್ಲ.

1901ರ ಜನವರಿಯಲ್ಲಿ ರಾನಡೆ ತೀರಿಕೊಂಡರು. ಅದೇ ವರ್ಷ ಹೈಕೋರ್ಟಿನ ಪೀಠವೇರಿದವರು ನಮ್ಮ ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರ್ಕರ್. ಅದೂ ನೇಮಕವೇ.