ಮಾನಸಿಕ ಆರೋಗ್ಯ ಸೇವಾ ಸಂಶೋಧನೆ: ಪಿಎಚ್.ಡಿ. ತರಬೇತಿ

ಮನೋರೋಗದ ಮೂಲಕ್ಕಿಂತ, ಚಿಕಿತ್ಸೆ ರೋಗಿಯನ್ನು ತಲುಪುವ ಅಥವಾ ತಲುಪದಿರುವ ಬಗೆಯನ್ನು ಅಧ್ಯಯನ ಮಾಡುವ ಸಂಶೋಧಕರನ್ನು ರೂಪಿಸುವ ಉನ್ನತ ಶಿಕ್ಷಣ. ಭಾರತದಲ್ಲಿ ಇದರ ಪ್ರಮುಖ ಕೇಂದ್ರಗಳಲ್ಲೊಂದು ಬೆಂಗಳೂರಿನ ನಿಮ್ಹಾನ್ಸ್. 1974ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ 1994ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಕ್ಲಿನಿಕಲ್ ಸೈಕಾಲಜಿ, ಮನೋವೈದ್ಯಕೀಯ ಸಮಾಜಕಾರ್ಯ, ಜೈವಿಕ ಸಂಖ್ಯಾಶಾಸ್ತ್ರ ಮೊದಲಾದ ವಿಭಾಗಗಳಲ್ಲಿ ಇಲ್ಲಿ ಪಿಎಚ್.ಡಿ. ಉಂಟು.

ಇಂಥ ಸಂಶೋಧಕರ ಅಗತ್ಯವನ್ನು ಇದೇ ಸಂಸ್ಥೆ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯೇ ತೋರಿಸಿತು: ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಮಾನಸಿಕ ಕಾಯಿಲೆ. ಬಹುತೇಕ ಕಾಯಿಲೆಗಳಲ್ಲಿ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಇಲ್ಲ. ವೈದ್ಯರ ಕೊರತೆಯೊಂದನ್ನೇ ದೂರಿ ಸುಮ್ಮನಾಗುವಂತಿಲ್ಲ. ಮುಗಿದುಹೋದ ಮಾತ್ರೆ, ಬಸ್ ಚಾರ್ಜು, ತಪ್ಪಿದ ದಿನಗೂಲಿ, ನಾಲ್ಕು ಜನ ಏನೆಂದಾರೆಂಬ ಅಂಜಿಕೆ ಎಲ್ಲವೂ ಲೆಕ್ಕಕ್ಕೆ ಬರಬೇಕು. ಆದ್ದರಿಂದ ವಿದ್ಯಾರ್ಥಿಗೆ ಅಂಕಿಅಂಶದ ಜೊತೆಗೆ ಸಂದರ್ಶನ ಕಲೆ, ವೆಚ್ಚದ ವಿಶ್ಲೇಷಣೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ತಿಳಿವಳಿಕೆಯೂ ಬೇಕು. ಆಸ್ಪತ್ರೆಯ ಗೋಡೆಯೊಳಗಷ್ಟೇ ಕಲಿತವರಿಗೆ ಇದು ದಕ್ಕುವ ವಿದ್ಯೆಯಲ್ಲ.

ಸೇವೆಯೊಂದನ್ನು ಕ್ಷೇತ್ರದಲ್ಲಿ ಮೊದಲು ಪರೀಕ್ಷಿಸಿ ನಂತರ ನೀತಿಯಾಗಿಸಿದ್ದಕ್ಕೆ ಬಳ್ಳಾರಿ ಜಿಲ್ಲೆ ಉದಾಹರಣೆ. 1980ರ ದಶಕದಲ್ಲಿ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.